ಚೆಂಡು ಹೆಕ್ಕುವ ಹೊತ್ತು

ಸಿಮೆಂಟು ನೆಲದ ಮೇಲೆ ಟೇಬಲ್ ಟೆನಿಸ್ ಚೆಂಡು ಬಿದ್ದು ದೂರ ಹೋಗುವ ಸದ್ದನ್ನು ನೀವು ಕೇಳಿರಬಹುದು. ಮೊದಲು ಟಕ್, ಟಕ್ ಎಂದು ಬಿಡಿಬಿಡಿಯಾಗಿ ಪುಟಿಯುತ್ತದೆ. ಆಮೇಲೆ ಟಕಟಕಟಕ ಎಂದು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಳ್ಳುತ್ತದೆ. ಕೊನೆಗೆ ಸದ್ದಡಗಿ ಉರುಳಿಕೊಂಡು ಹೋಗಿ ಯಾವುದೋ ಕಬ್ಬಿಣದ ಕಪಾಟಿನ ಅಡಿಯಲ್ಲಿ ನಿಲ್ಲುತ್ತದೆ. ಈ ಸದ್ದು ಕೇಳಿದಾಗಲೆಲ್ಲ ನನಗೆ 1987ರ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಂತರ ಕಾಲೇಜು ಪಂದ್ಯ, ನಿರ್ಣಾಯಕ ಗೇಮು. ಆಗ ಗೇಮು 21 ಪಾಯಿಂಟಿನದು, ಒಬ್ಬೊಬ್ಬರಿಗೆ ಐದೈದು ಸರ್ವಿಸು. ನಾನು 20–16ರಲ್ಲಿ ಮುಂದಿದ್ದೆ. ಸರ್ವಿಸು ನನ್ನದೇ, ಇನ್ನೂ ನಾಲ್ಕು ಬಾಕಿ. ಗೆಲ್ಲಲು ಬೇಕಾದದ್ದು ಒಂದೇ ಒಂದು ಪಾಯಿಂಟು.

ಮೊದಲನೆಯದು ನೆಟ್ಟಿಗೆ ಹೋಯಿತು. ಎರಡನೆಯದು ಟೇಬಲ್ಲಿನ ಆಚೆ ಅಂಚನ್ನು ಬೆರಳಗಲದಲ್ಲಿ ತಪ್ಪಿಸಿಕೊಂಡು ಹೊರಗೆ ಬಿತ್ತು. ಮೂರನೆಯ ಸರ್ವಿಸನ್ನು ಎದುರಾಳಿ ಸುಮ್ಮನೆ ತಳ್ಳಿದ, ನಾನು ಇಲ್ಲಿಗೇ ಮುಗಿಸಿಬಿಡುತ್ತೇನೆಂದು ಬೀಸಿದೆ, ಚೆಂಡು ಗೋಡೆಗೆ ಬಡಿಯಿತು. ನಾಲ್ಕನೆಯದು ಹೇಗೆ ಹೋಯಿತೆಂದು ನೆನಪಿಲ್ಲ. ನೆನಪಿರುವುದು ಇಷ್ಟೇ: ಪ್ರತಿ ಸಲವೂ ನಾನು ಚೆಂಡಿನ ಹಿಂದೆ ಓಡಿದೆ. ಕಪಾಟಿನ ಅಡಿಯಿಂದ ಹೆಕ್ಕಿ, ಓಡುತ್ತಲೇ ವಾಪಸು ಬಂದು, ಏದುಸಿರು ಇಳಿಯುವ ಮೊದಲೇ ಮುಂದಿನ ಸರ್ವಿಸು ಹಾಕಿದೆ. 20–20 ಆಯಿತು. ಆಮೇಲೆ 20–22. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಮ್ಮ ಪಿ.ಟಿ. ಮಾಷ್ಟ್ರು ಬೈಯಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತರಿಸಿ ಮುಂದಿಟ್ಟರು. ನಾನು ಮುಟ್ಟಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು, "ಚೆಂಡು ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ. ನೀನು ಯಾಕೆ ಓಡಿದ್ದು?" ಎಂದರು. ಅಷ್ಟೇ. ಆ ಪ್ರಶ್ನೆಗೆ ಉತ್ತರ ಆಗ ನನ್ನಲ್ಲಿರಲಿಲ್ಲ. ಅದು ಸಿಕ್ಕಲು ಬಹಳ ವರ್ಷ ಬೇಕಾಯಿತು. ಈಗ, ಮೊಣಕಾಲು ಆಗಾಗ ದೂರು ಹೇಳುವ ಈ ವಯಸ್ಸಿನಲ್ಲಿಯೂ ವಾರಕ್ಕೆ ನಾಲ್ಕು ಸಂಜೆ ಆಡುವ ನನಗೆ ಒಂದು ಮಾತು ಖಾತ್ರಿಯಾಗಿದೆ. ಈ ಆಟದಲ್ಲಿ ಗಾಬರಿ ಹುಟ್ಟುವುದು ಚೆಂಡು ಆಡುವಾಗ ಅಲ್ಲ, ಚೆಂಡು ನಿಂತಾಗ.

ಸ್ವಲ್ಪ ಯೋಚಿಸಿ. ಟೇಬಲ್ಲಿನ ಉದ್ದ 9 ಅಡಿ, ಅಗಲ 5 ಅಡಿ. ಚೆಂಡು ಆಚೆಯಿಂದ ಈಚೆಗೆ ಬರಲು ಒಂದು ಸೆಕೆಂಡೂ ಬೇಡ. ಅಷ್ಟರೊಳಗೆ ಅದರ ತಿರುಗು ಯಾವ ಕಡೆಗೆ, ಉದ್ದ ಎಷ್ಟು, ಬ್ಯಾಟನ್ನು ಎಷ್ಟು ಓರೆ ಮಾಡಬೇಕು ಎಂದು ಮೈ ತಾನೇ ತೀರ್ಮಾನಿಸಿ ಮುಗಿಸಿರುತ್ತದೆ. ಅಲ್ಲಿ ಹೆದರಲು ಪುರಸೊತ್ತು ಎಲ್ಲಿದೆ? ಆದರೆ ರ‍್ಯಾಲಿ ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆಮೇಲೆ ಚೆಂಡು ಎಲ್ಲೋ ಬಿದ್ದಿರುತ್ತದೆ. ನಮ್ಮ ಕ್ಲಬ್ಬುಗಳಲ್ಲಿ ಹೆಕ್ಕುವವರು ನಾವೇ. ಬಗ್ಗಿ, ಬೆಂಚಿನಡಿ ಕೈ ಹಾಕಿ, ಧೂಳು ಒರೆಸಿ, ವಾಪಸು ನಡೆದು ಬರುವ ಆ ಹತ್ತು ಹದಿನೈದು ಸೆಕೆಂಡು ಮನಸ್ಸಿಗೆ ಕೆಲಸವಿಲ್ಲ. ಕೆಲಸವಿಲ್ಲದ ಮನಸ್ಸು ಲೆಕ್ಕಕ್ಕೆ ಕೂರುತ್ತದೆ. ಇದೊಂದು ಬಂದರೆ ಗೆದ್ದೆ, ಹೋದರೆ ಏನು ಗತಿ, ನೋಡುತ್ತಿರುವವರು ಏನಂದುಕೊಳ್ಳುತ್ತಾರೆ. ನಾನು ಅಂದು ಓಡಿದ್ದು ಚೆಂಡಿನ ಹಿಂದೆ ಅಲ್ಲ. ಆ ಲೆಕ್ಕದಿಂದ ತಪ್ಪಿಸಿಕೊಳ್ಳಲು. ಓಡಿದಷ್ಟೂ ಅದು ನನ್ನ ಬೆನ್ನ ಹಿಂದೆಯೇ ಓಡಿಬಂತು.

ಈ ಆಟದ ನಿಯಮ ಮಾಡಿದವರು ಆಟಗಾರನ ಅಳುಕನ್ನು ಅಡಗಿಸಿಕೊಳ್ಳಲು ಜಾಗವನ್ನೇ ಬಿಟ್ಟಿಲ್ಲ. ಸರ್ವಿಸು ಹಾಕುವಾಗ ಚೆಂಡು ಬಿಚ್ಚಿದ ಅಂಗೈಯ ಮೇಲೆ ಅಲುಗದೆ ಕುಳಿತಿರಬೇಕು. ಬೆರಳಿನಿಂದ ಹಿಡಿಯುವಂತಿಲ್ಲ. ಅಲ್ಲಿಂದ ನೆಟ್ಟಗೆ ಮೇಲಕ್ಕೆ, ಕಡಿಮೆಯೆಂದರೂ 16 ಸೆಂಟಿಮೀಟರು ಚಿಮ್ಮಿಸಬೇಕು. ಚೆಂಡಿನ ತೂಕವೋ 2.7 ಗ್ರಾಂ. ಅಂಗೈ ತುಸು ಕಂಪಿಸಿದರೂ ಆ ಬಿಳಿಯ ಬುರುಡೆ ತೊಟ್ಟಿಲಿನ ಮಗುವಿನ ಹಾಗೆ ತೂಗುತ್ತದೆ, ಎದುರಾಳಿ ನೋಡುತ್ತಾನೆ. ಅಂಗೈ ಒದ್ದೆಯಾದರೆ ಚೆಂಡೂ ಒದ್ದೆ. ಒದ್ದೆ ಚೆಂಡು ರಬ್ಬರಿಗೆ ಕಚ್ಚುವುದಿಲ್ಲ, ಜಾರುತ್ತದೆ. ಕ್ರಿಕೆಟ್ಟಿನಲ್ಲಿ ಬ್ಯಾಟಿನ ಹಿಡಿಯೊಳಗೆ ನಡುಕವನ್ನು ಮುಚ್ಚಿಡಬಹುದು. ಕಬಡ್ಡಿಯಲ್ಲಿ ತೊಡೆ ತಟ್ಟಿ ಮರೆಸಬಹುದು. ಇಲ್ಲಿ ಮಾತ್ರ ಅಂಗೈ ಬಿಚ್ಚಿ ತೋರಿಸಿಯೇ ಆಟ ಶುರುಮಾಡಬೇಕು.

ನಡುಕಕ್ಕೆ ಕಾರಣ ಹೇಡಿತನವಲ್ಲ. ಇದನ್ನು ಚಿಕ್ಕ ಮಕ್ಕಳಿಗೆ ಮೊದಲು ಹೇಳಬೇಕು. ಅಪಾಯದ ಸುಳಿವು ಸಿಕ್ಕರೆ ಮೈಯಲ್ಲಿ ಅಡ್ರಿನಲಿನ್ ಹರಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತ ತೊಡೆ ತೋಳುಗಳ ದೊಡ್ಡ ಸ್ನಾಯುಗಳ ಕಡೆಗೆ ನುಗ್ಗುತ್ತದೆ, ಬೆರಳುಗಳು ತಣ್ಣಗಾಗುತ್ತವೆ. ಹುಲಿ ಎದುರಾದರೆ ಓಡಲು ಇದು ಸರಿಯಾದ ಏರ್ಪಾಡು. ಆದರೆ ಟಿ.ಟಿ. ಆಟಕ್ಕೆ ಬೇಕಾದದ್ದು ಮಣಿಕಟ್ಟಿನ ಸಡಿಲ, ಬೆರಳಿನ ಸೂಕ್ಷ್ಮ. ಹಿಡಿ ಬಿಗಿಯಾದ ಕೂಡಲೇ ಮಣಿಕಟ್ಟು ಮರಗಟ್ಟುತ್ತದೆ. ಕಾಲು ಅರ್ಧ ಹೆಜ್ಜೆ ತಡವಾಗುತ್ತದೆ. ನಿನ್ನೆ ಸಂಜೆ ನೂರು ಸಲ ಬಿದ್ದ ಜಾಗಕ್ಕೆ ಇವತ್ತು ಚೆಂಡು ಬೀಳುವುದಿಲ್ಲ. ನನ್ನ ಅಜ್ಜಿ ಕೌದಿ ಹೊಲಿಯುವಾಗ, ಯಾರಾದರೂ ಎದುರು ನಿಂತು ನೋಡಿದರೆ ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ. "ನೀನು ಅತ್ಲಾಗಿ ಹೋಗು ಮಗಾ, ನೀನು ಕಾಯ್ತಾ ಇದ್ರೆ ತೂತು ಸಣ್ಣದಾಗ್ತದೆ" ಎನ್ನುತ್ತಿದ್ದಳು. ಈ ಒಂದು ವಾಕ್ಯದಲ್ಲಿ ಇರುವಷ್ಟು ಕ್ರೀಡಾ ಮನಃಶಾಸ್ತ್ರವನ್ನು ನಾನು ದಪ್ಪ ಪುಸ್ತಕಗಳಲ್ಲಿ ಹುಡುಕಿ ಓದಬೇಕಾಯಿತು.

ಹಾಗೆ ಓದಿದವುಗಳಲ್ಲಿ ಮನಸ್ಸಿನಲ್ಲಿ ಉಳಿದದ್ದು ಮ್ಯಾಥ್ಯೂ ಸೈಯದ್ ಬರೆದದ್ದು. ಇಂಗ್ಲೆಂಡಿನ ಅಗ್ರ ಆಟಗಾರನಾಗಿದ್ದವನು, ಚಾಪ್ ಹೊಡೆದು ಹೊಡೆದು ಎದುರಾಳಿಯ ತಾಳ್ಮೆ ಪರೀಕ್ಷಿಸುವ ರಕ್ಷಣಾ ಶೈಲಿಯವನು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, ಬದುಕಿಡೀ ಕಾದ ಪಂದ್ಯದಲ್ಲಿ, ತನ್ನ ಕೈಕಾಲು ತನ್ನ ಮಾತು ಕೇಳದೇ ಹೋದದ್ದನ್ನು ಅವನು ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದ್ದಾನೆ. ಅವನು ಕೊಡುವ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ವರ್ಷಗಟ್ಟಲೆ ಆಡಿ ಮೈಗೆ ಇಳಿದುಹೋದ ಹೊಡೆತವನ್ನು, ಗಾಬರಿಯಾದಾಗ ನಾವು ಮತ್ತೆ ತಲೆಗೆ ಏರಿಸಿಕೊಳ್ಳುತ್ತೇವೆ. ಮಣಿಕಟ್ಟು ಹೀಗೆ, ಮೊಣಕೈ ಹಾಗೆ ಎಂದು ಒಂದೊಂದನ್ನೂ ಕಾವಲು ಕಾಯುತ್ತೇವೆ. ಮದುವೆ ಮನೆಯ ಪಂಕ್ತಿಯಲ್ಲಿ ತುಂಬಿದ ಸಾರಿನ ಬಕೆಟ್ಟು ಹಿಡಿದು ಬಡಿಸುವ ಹುಡುಗರನ್ನು ನೋಡಿ. ಪಳಗಿದವನು ಎಲೆಯನ್ನು ನೋಡುತ್ತಾನೆ, ಮುಂದಿನ ಎಲೆಯನ್ನು ನೋಡುತ್ತಾನೆ, ಯಾರದೋ ಮಾತಿಗೆ ಉತ್ತರವನ್ನೂ ಕೊಡುತ್ತಾನೆ. ಒಂದು ಹನಿ ಆಚೀಚೆ ಆಗುವುದಿಲ್ಲ. ಚೆಲ್ಲೀತೆಂದು ಬಕೆಟ್ಟನ್ನೇ ನೋಡುತ್ತಾ ನಡೆಯುವವನದು ಯಾರದಾದರೂ ಪಂಚೆಯ ಮೇಲೆ ಚೆಲ್ಲುತ್ತದೆ.

ಹಾಗಾದರೆ ಮನಸ್ಸು ಎಲ್ಲಿಡಬೇಕು? ಹೊಡೆತದಲ್ಲಿ ಇಡಬಾರದು, ಲೆಕ್ಕದಲ್ಲಿಯೂ ಇಡಬಾರದು. ಎಲ್ಲಿಯಾದರೂ ಇಡಲೇಬೇಕಲ್ಲ, ಅದೇನು ಅಂಗಿಯ ಹಾಗೆ ಗೂಟಕ್ಕೆ ನೇತುಹಾಕುವ ವಸ್ತುವಲ್ಲ. ಆಟಗಾರರು ಇದಕ್ಕೆ ತಾವೇ ಕಂಡುಕೊಂಡ ಪುಟ್ಟ ಪುಟ್ಟ ಚಾಕರಿಗಳಿವೆ. ದೊಡ್ಡ ಪಂದ್ಯ ನೋಡುವಾಗ ಗಮನಿಸಿ: ಒಂದು ಪಾಯಿಂಟು ಮುಗಿದ ಮೇಲೆ ಆಟಗಾರ ನೆಟ್ಟಿನ ಪಕ್ಕದಲ್ಲಿ ಟೇಬಲ್ಲಿನ ಮೂಲೆಗೆ ಅಂಗೈ ಒರೆಸುತ್ತಾನೆ. ಅಲ್ಲಿ ಚೆಂಡು ಬೀಳುವುದು ಅಪರೂಪ, ಆದ್ದರಿಂದ ಬೆವರು ಅಂಟಿದರೂ ಆಟಕ್ಕೆ ತೊಂದರೆಯಿಲ್ಲ. ಚೆಂಡನ್ನು ಉಫ್ ಎಂದು ಊದುತ್ತಾನೆ. ಬ್ಯಾಟಿನ ರಬ್ಬರನ್ನು ಅಂಗೈಯಿಂದ ಸವರುತ್ತಾನೆ. ಇದೆಲ್ಲ ಬೆವರಿಗಾಗಿ ಎಂದು ಮೇಲುನೋಟಕ್ಕೆ ಕಾಣುತ್ತದೆ. ನಿಜವಾಗಿ ಇದು ಮನಸ್ಸನ್ನು ಕೈಗೆ ಇಳಿಸಿಕೊಳ್ಳುವ ಉಪಾಯ. ಕೊರೊನಾ ಕಾಲದಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಟೇಬಲ್ಲಿಗೆ ಕೈ ಒರೆಸುವುದನ್ನೂ ಚೆಂಡು ಊದುವುದನ್ನೂ ನಿಷೇಧಿಸಿದ್ದರು. ಎಷ್ಟೋ ಆಟಗಾರರ ಕೈ ಅಭ್ಯಾಸಬಲದಿಂದ ಟೇಬಲ್ಲಿನ ಮೂಲೆಗೆ ಹೋಗುತ್ತಿದ್ದಿರಬೇಕು ಎಂದು ಆ ಪಂದ್ಯಗಳನ್ನು ನೋಡುವಾಗ ನನಗೆ ಅನಿಸಿತ್ತು. ಸಂಧ್ಯಾವಂದನೆಯ ಪಂಚಪಾತ್ರೆಯನ್ನು ಯಾರೋ ಎತ್ತಿಟ್ಟರೆ ನಮ್ಮ ದೊಡ್ಡಪ್ಪ ಹೀಗೆಯೇ ತಡವರಿಸುತ್ತಿದ್ದರು.

ಅದೇ ಟೋಕಿಯೋದಲ್ಲಿ, 2021ರ ಜುಲೈಯಲ್ಲಿ, ನಾನು ಮರೆಯದ ಒಂದು ಪಂದ್ಯ ನಡೆಯಿತು. ಮಿಶ್ರ ಡಬಲ್ಸ್ ಕ್ವಾರ್ಟರ್ ಫೈನಲ್. ಜಪಾನಿನ ಜುನ್ ಮಿಜುತಾನಿ ಮತ್ತು ಮಿಮಾ ಇತೊ ಒಂದು ಕಡೆ, ಜರ್ಮನಿಯ ಪ್ಯಾಟ್ರಿಕ್ ಫ್ರಾನ್ಸಿಸ್ಕಾ ಮತ್ತು ಪೆಟ್ರಿಸ್ಸಾ ಸೋಲ್ಯಾ ಇನ್ನೊಂದು ಕಡೆ. ಈಗ ಗೇಮು 11 ಪಾಯಿಂಟಿನದು. ಏಳನೇ ಗೇಮಿನಲ್ಲಿ ಜಪಾನಿನವರು 2–9ರಲ್ಲಿ ಹಿಂದಿದ್ದರು. ಇಂಥ ಸ್ಥಿತಿಯಲ್ಲಿ ನಮ್ಮಂಥವರು ಬ್ಯಾಟಿನ ಚೀಲದ ಜಿಪ್ಪು ಎಲ್ಲಿದೆ ಎಂದು ಹುಡುಕುತ್ತೇವೆ. ಅವರು ಹುಡುಕಲಿಲ್ಲ. ಏಳು ಮ್ಯಾಚ್ ಪಾಯಿಂಟುಗಳನ್ನು ಒಂದೊಂದಾಗಿ ಉಳಿಸಿಕೊಂಡು 16–14ರಲ್ಲಿ ಗೆದ್ದರು. ಮರುದಿನ ಫೈನಲ್ಲಿನಲ್ಲಿ ಚೀನಾದ ಶು ಶಿನ್ ಮತ್ತು ಲಿಯು ಶಿವೆನ್ ಎದುರು ಮೊದಲ ಎರಡು ಗೇಮು ಸೋತು ಆಮೇಲೆ 4–3ರಲ್ಲಿ ಚಿನ್ನ ಗೆದ್ದರು. ಒಲಿಂಪಿಕ್ಸ್ ಟೇಬಲ್ ಟೆನಿಸ್‌ನಲ್ಲಿ ಜಪಾನಿಗೆ ಅದು ಮೊದಲ ಚಿನ್ನ. ಇಬ್ಬರೂ ಇವಾಟಾ ಎಂಬ ಒಂದೇ ಊರಿನವರು. ಮಿಜುತಾನಿಯ ತಂದೆತಾಯಿ ನಡೆಸುತ್ತಿದ್ದ ಕ್ಲಬ್ಬಿನಲ್ಲಿಯೇ ಇತೊ ಪುಟ್ಟ ಹುಡುಗಿಯಾಗಿದ್ದಾಗ ಆಡಲು ಬರುತ್ತಿದ್ದಳು. 2–9ರಲ್ಲಿಯೂ ಪಕ್ಕದಲ್ಲಿ ಬಾಲ್ಯದಿಂದ ಕಂಡ ಮುಖವೊಂದು ಇದ್ದದ್ದು ಎಷ್ಟು ದೊಡ್ಡ ಆಸರೆಯಾಗಿರಬೇಕು! ಡಬಲ್ಸ್ ಆಡುವವರಿಗೆ ಗೊತ್ತು, ಜೊತೆಗಾರ "ಇರ್ಲಿ ಬಿಡು, ಮುಂದಿಂದು" ಎಂದು ಬೆನ್ನು ತಟ್ಟಿದರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. ಸಿಂಗಲ್ಸ್‌ನಲ್ಲಿ ಆ ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕು. ಆದರೆ ನಾವು ನಮಗೆ ಹೇಳಿಕೊಳ್ಳುವುದು ಅದನ್ನಲ್ಲ. ಜೊತೆಗಾರನಿಗೆ ಎಂದೂ ಹೇಳದ ಕೆಟ್ಟ ಮಾತುಗಳನ್ನು ನಮಗೆ ನಾವು ಧಾರಾಳವಾಗಿ ಹೇಳಿಕೊಳ್ಳುತ್ತೇವೆ.

ನಿಯಮ ಪುಸ್ತಕ ಬಿಡುವನ್ನೂ ಕೊಟ್ಟಿದೆ. ಪ್ರತಿ ಆರು ಪಾಯಿಂಟಿಗೊಮ್ಮೆ ಟವೆಲಿನಲ್ಲಿ ಮುಖ ಒರೆಸಿಕೊಳ್ಳಬಹುದು. ಗೇಮುಗಳ ನಡುವೆ ಒಂದು ನಿಮಿಷ. ಇಡೀ ಪಂದ್ಯದಲ್ಲಿ ಒಂದೇ ಒಂದು ಸಲ ಒಂದು ನಿಮಿಷದ ಟೈಮ್‌ಔಟ್. ಟವೆಲಿನ ಬಗ್ಗೆ ನನಗೆ ಬಹಳ ಗೌರವ. ಬೆವರಿಲ್ಲದಿದ್ದರೂ ಒರೆಸಿಕೊಳ್ಳುತ್ತೇನೆ. ಆ ಒದ್ದೆ ಬಟ್ಟೆಯೊಳಗೆ ಮುಖವಿಟ್ಟಾಗ ಎರಡು ಸೆಕೆಂಡು ಜಗತ್ತು ಇರುವುದಿಲ್ಲ, ಎದುರಾಳಿ ಇರುವುದಿಲ್ಲ, ಸ್ಕೋರ್ ಬೋರ್ಡ್ ಇರುವುದಿಲ್ಲ.

ತಾಳ್ಮೆಯ ಮಾತು ಬಂದಾಗ 1936ರ ಪ್ರಾಗ್ ವಿಶ್ವ ಚಾಂಪಿಯನ್‌ಷಿಪ್ಪನ್ನು ಹೇಳದೆ ಮುಂದೆ ಹೋಗಲಾರೆ. ಪೋಲೆಂಡಿನ ಏರ್ಲಿಖ್ ಮತ್ತು ರೊಮಾನಿಯದ ಫರ್ಕಾಶ್ ಆಡಿದ ಪಂದ್ಯದ ಮೊದಲ ಪಾಯಿಂಟೇ ಎರಡು ಗಂಟೆಗೂ ಮೀರಿ ನಡೆಯಿತು. ಇಬ್ಬರೂ ರಿಸ್ಕು ತೆಗೆದುಕೊಳ್ಳಲು ಒಪ್ಪಲಿಲ್ಲ, ತಳ್ಳಿದರು, ತಳ್ಳಿದರು, ತಳ್ಳುತ್ತಲೇ ಇದ್ದರು. ಆಚೀಚೆ ತಿರುಗಿಸಿ ತಿರುಗಿಸಿ ಅಂಪೈರನ ಕುತ್ತಿಗೆಯೇ ಹಿಡಿದುಕೊಂಡಿತು ಎಂದು ಕತೆ ಹೇಳುತ್ತಾರೆ. ಇಂಥ ಆಟಕ್ಕೆ ಕಡಿವಾಣ ಹಾಕಲು ಕಾಲದ ಮಿತಿ ಬಂತು. ಈಗ ಒಂದು ಗೇಮು ಹತ್ತು ನಿಮಿಷ ದಾಟಿ ಇಬ್ಬರ ಪಾಯಿಂಟೂ ಸೇರಿ 18 ಆಗದಿದ್ದರೆ, ಅಲ್ಲಿಂದ ಮುಂದೆ ಸರ್ವಿಸು ಸ್ವೀಕರಿಸಿದವನು ಹದಿಮೂರು ಸಲ ಚೆಂಡು ಹಿಂತಿರುಗಿಸಿದರೆ ಪಾಯಿಂಟು ಅವನದು. ಆ ಎರಡು ಗಂಟೆಯ ಆಟವನ್ನು ಶಾಂತತೆ ಎನ್ನಬೇಕೋ ಭಯ ಎನ್ನಬೇಕೋ? ಭಯ ಎಂದೇ ನನಗನಿಸುತ್ತದೆ. ತಪ್ಪು ಮಾಡಲು ಹೆದರುವುದೂ ಒಂದು ಹೆದರಿಕೆಯೇ. ಅದು ನಡುಗುವುದಿಲ್ಲ, ಹೆಪ್ಪುಗಟ್ಟುತ್ತದೆ. 9–9ರಲ್ಲಿ ಒಬ್ಬ ಬೀಸಿ ಬೀಸಿ ಸೋಲುತ್ತಾನೆ, ಇನ್ನೊಬ್ಬ ಹೊಡೆಯಲೇಬೇಕಾದ ಚೆಂಡನ್ನೂ ತಳ್ಳಿ ತಳ್ಳಿ ಸೋಲುತ್ತಾನೆ. ಎರಡನೆಯವನನ್ನು ನೋಡಿ ಜನ "ಎಷ್ಟು ಕೂಲಾಗಿ ಆಡಿದ" ಎನ್ನುತ್ತಾರೆ. ಒಳಗಿನದು ಅವನಿಗೆ ಗೊತ್ತು.

ಭಯದ ಇನ್ನೊಂದು ಬೇರು ಅಪರಿಚಿತತೆ. 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಮುಂಬಯಿಯಲ್ಲಿ. ಹಿರೋಜಿ ಸಾತೊ ಎಂಬ ಕನ್ನಡಕದ ಜಪಾನಿ ಆಟಗಾರ ಬ್ಯಾಟಿಗೆ ದಪ್ಪ ಸ್ಪಂಜು ಅಂಟಿಸಿಕೊಂಡು ಬಂದ. ಅಲ್ಲಿಯವರೆಗೆ ಹೆಚ್ಚಿನವರು ಆಡುತ್ತಿದ್ದದ್ದು ಸ್ಪಂಜಿಲ್ಲದ ಗುಳ್ಳೆ ರಬ್ಬರಿನಲ್ಲಿ. ಟಾಕ್ ಟಾಕ್ ಎಂಬ ಸದ್ದೇ ಅವರಿಗೆ ಹೊಡೆತದ ಬಿರುಸು ಹೇಳುತ್ತಿತ್ತು. ಸಾತೊನ ಬ್ಯಾಟಿನಿಂದ ಸದ್ದೇ ಬರಲಿಲ್ಲ. ಕಿವಿ ಕೈಕೊಟ್ಟಿತು, ಕಿವಿಯ ಹಿಂದೆಯೇ ಕಣ್ಣು ಕೈಕೊಟ್ಟಿತು, ಯುರೋಪಿನ ಘಟಾನುಘಟಿಗಳು ಸೋತರು, ಅವನು ಚಾಂಪಿಯನ್ ಆದ. 2024ರ ಫೆಬ್ರುವರಿಯಲ್ಲಿ ಬುಸಾನ್‌ನಲ್ಲಿ ನಮ್ಮ ಐಹಿಕಾ ಮುಖರ್ಜಿ ಸ್ಪಿನ್ನನ್ನೇ ನುಂಗುವ ರಬ್ಬರು ಹಿಡಿದು, ಆಗ ವಿಶ್ವದ ನಂಬರ್ ಒಂದಾಗಿದ್ದ ಸುನ್ ಯಿಂಗ್ಶಾಳನ್ನು 3–1ರಲ್ಲಿ ಸೋಲಿಸಿದಾಗ ನನಗೆ ಮುಂಬಯಿಯ ಆ ಮೌನ ನೆನಪಾಯಿತು. ಪಂದ್ಯ ಸೋತ ಮೇಲೆ ಮಕ್ಕಳು "ಅವಳ ಬ್ಯಾಟು ಸರಿ ಇಲ್ಲ ಅಂಕಲ್" ಎಂದು ಅಳುವುದನ್ನು ಎಷ್ಟು ಸಲ ಕೇಳಿದ್ದೇನೆ! ಧೈರ್ಯ ತುಂಬುವ ಮಾತು ಆಗ ಕೆಲಸ ಮಾಡುವುದಿಲ್ಲ. ಮರುದಿನ ಅಂಥದೇ ಬ್ಯಾಟು ಹಿಡಿಯುವ ಯಾರಾದರೂ ಹಿರಿಯರ ಎದುರು ಮಗುವನ್ನು ಒಂದು ಗಂಟೆ ನಿಲ್ಲಿಸಬೇಕು. ಗುರುತು ಹತ್ತಿದ ಮೇಲೆ ನಾಯಿಯೂ ಬೊಗಳುವುದಿಲ್ಲ.

ನಮ್ಮ ಮಾವನೊಬ್ಬರು ಯಕ್ಷಗಾನದ ವೇಷಧಾರಿ. ನಲವತ್ತು ವರ್ಷ ಗೆಜ್ಜೆ ಕಟ್ಟಿದವರು. ಚಿಕ್ಕವನಿದ್ದಾಗ ಅವರೊಂದಿಗೆ ಚೌಕಿಯಲ್ಲಿ ಕೂತಿರುತ್ತಿದ್ದೆ. ಪ್ರವೇಶಕ್ಕೆ ಮುಂಚೆ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಕೈ ಮುಟ್ಟಿದರೆ ತಣ್ಣಗೆ. ಒಮ್ಮೆ ಕೇಳಿಯೇಬಿಟ್ಟೆ, "ಮಾವ, ನಿಮಗೂ ಹೆದರಿಕೆ ಆಗ್ತದಾ?" ಅವರು ಕಿರೀಟದ ಕಟ್ಟು ಬಿಗಿಮಾಡುತ್ತ ಹೇಳಿದರು: "ಆಗ್ತದೆ. ಅದನ್ನು ಓಡಿಸ್ಲಿಕ್ಕೆ ಹೋಗುದಿಲ್ಲ. ಮೊದಲ ಹೆಜ್ಜೆ ಯಾವುದು, ಮೊದಲ ಮಾತು ಯಾವುದು, ಅದು ಎರಡು ಮಾತ್ರ ನೆನಪಿಟ್ಕೊಳ್ಳುದು. ಮತ್ತೆದ್ದು ಚೆಂಡೆ ನೋಡ್ಕೊಳ್ತದೆ." ನನ್ನ ಇಡೀ ಟಿ.ಟಿ. ಇವತ್ತು ನಿಂತಿರುವುದು ಈ ಮಾತಿನ ಮೇಲೆ. ಸರ್ವಿಸಿನ ಮೊದಲು ನಾನು ಎರಡು ಸಂಗತಿ ಮಾತ್ರ ತೀರ್ಮಾನಿಸುತ್ತೇನೆ. ಯಾವ ಸರ್ವಿಸು, ಅದು ತಿರುಗಿ ಬಂದರೆ ನನ್ನ ಮುಂದಿನ ಹೊಡೆತ ಎಲ್ಲಿಗೆ. ನಾಲ್ಕನೆಯ ಚೆಂಡು, ಐದನೆಯ ಚೆಂಡು ನನ್ನ ಚಿಂತೆಯಲ್ಲ, ಅವನ್ನು ಚೆಂಡೆ ನೋಡಿಕೊಳ್ಳುತ್ತದೆ.

ಒತ್ತಡದಲ್ಲಿ ಅಲುಗದೆ ಗೆದ್ದವರ ಉದಾಹರಣೆಗಳು ಹಲವಿವೆ. 2003ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ಪ್ಯಾರಿಸ್ಸಿನಲ್ಲಿ, ಆಸ್ಟ್ರಿಯಾದ ವೆರ್ನರ್ ಶ್ಲಾಗರ್ ಕ್ವಾರ್ಟರ್ ಫೈನಲ್ಲಿನಲ್ಲಿ ಹಾಲಿ ಚಾಂಪಿಯನ್ ವಾಂಗ್ ಲಿಚಿನ್ ಎದುರು ನಾಲ್ಕು ಮ್ಯಾಚ್ ಪಾಯಿಂಟು ಉಳಿಸಿಕೊಂಡು, ಕೊನೆಗೆ ವಿಶ್ವ ಚಾಂಪಿಯನ್ನೇ ಆದ. ನಮ್ಮ ಶರತ್ ಕಮಲ್ 2006ರಲ್ಲಿ ಮೆಲ್ಬರ್ನ್ ಕಾಮನ್‌ವೆಲ್ತ್ ಫೈನಲ್ಲಿನಲ್ಲಿ ಆತಿಥೇಯರ ಹುಡುಗ ವಿಲಿಯಂ ಹೆನ್ಜೆಲ್‌ನನ್ನು, ಅವನದೇ ಜನ ಕೂಗುತ್ತಿರುವಾಗ, ಏಳು ಗೇಮಿನಲ್ಲಿ ಸೋಲಿಸಿದ. ಹದಿನಾರು ವರ್ಷದ ಮೇಲೆ, ನಲವತ್ತರ ಪ್ರಾಯದಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಆತಿಥೇಯರ ಲಿಯಾಮ್ ಪಿಚ್‌ಫರ್ಡ್ ಎದುರು ಮೊದಲ ಗೇಮು ಸೋತೂ ಮತ್ತೆ ಚಿನ್ನ ತಂದ. ಆದರೆ ನನ್ನ ಎದೆಗೆ ಹತ್ತಿರವಾದದ್ದು ಬೆಂಗಳೂರಿನ ಹುಡುಗಿ ಅರ್ಚನಾ ಕಾಮತ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿದ ಒಂದು ಪಂದ್ಯ.

2024ರ ಆಗಸ್ಟ್. ಮಹಿಳಾ ತಂಡ ವಿಭಾಗದ ಕ್ವಾರ್ಟರ್ ಫೈನಲ್, ಎದುರು ಜರ್ಮನಿ. ಭಾರತ 0–2ರಲ್ಲಿ ಹಿಂದೆ. ಇನ್ನೊಂದು ಹೋದರೆ ಎಲ್ಲ ಮುಗಿಯಿತು. ಆಗ ಟೇಬಲ್ಲಿಗೆ ಬಂದವಳು ಅರ್ಚನಾ. ಎದುರಾಳಿ ಶಾನ್ ಶಿಯಾವೊನಾ, ನಾನಾ ಒಲಿಂಪಿಕ್ಸ್ ನೀರು ಕುಡಿದ ಆಟಗಾರ್ತಿ. ಮೊದಲ ಗೇಮು 19–17. ಹನ್ನೊಂದಕ್ಕೆ ಮುಗಿಯಬೇಕಾದದ್ದು ಹತ್ತೊಂಬತ್ತರವರೆಗೆ ಎಳೆಯಿತು. 10–10 ಆದಮೇಲೆ ಒಂದೊಂದೇ ಸರ್ವಿಸು ಬದಲಾಗುತ್ತದೆ, ಎರಡು ಪಾಯಿಂಟಿನ ಅಂತರ ಬೇಕು. ಅಷ್ಟು ಹೊತ್ತು ಕತ್ತಿಯ ಅಲಗಿನ ಮೇಲೆ ನಡೆದು ಗೆದ್ದಳು. ಮುಂದಿನ ಗೇಮು? 1–11. ಮೈಯಲ್ಲಿದ್ದ ಕಸುವೆಲ್ಲ ಆ ಮೊದಲ ಗೇಮಿಗೆ ಸುರಿದುಹೋಗಿರಬೇಕು. ನಾನು ಈ ಅಂಕೆಗಳನ್ನು ಎಷ್ಟು ಸಲ ಮೆಲುಕು ಹಾಕಿದ್ದೇನೆ! 1–11ರಲ್ಲಿ ಸೋತವಳಿಗೆ ಸಿಕ್ಕಿದ್ದು ಒಂದು ನಿಮಿಷದ ವಿರಾಮ. ಆ ಒಂದು ನಿಮಿಷದಲ್ಲಿ ಅವಳು ಹೇಗೆ ಕೂತಳು, ಎಷ್ಟು ನೀರು ಕುಡಿದಳು, ಏನನ್ನು ಮರೆತಳು, ಏನನ್ನು ಉಳಿಸಿಕೊಂಡಳು? ಎದ್ದು ಬಂದು 11–5, 11–9ರಲ್ಲಿ ಪಂದ್ಯ ಗೆದ್ದಳು. ಭಾರತ 1–3ರಲ್ಲಿ ಸೋತಿತು. ಆ ದಿನ ನಮಗೆ ಬಂದ ಒಂದೇ ಒಂದು ಗೆಲುವು ಅವಳದು. ಅದಾದ ಕೆಲವೇ ದಿನಗಳಲ್ಲಿ ಅವಳು ಓದಿಗಾಗಿ ಆಟ ಬಿಟ್ಟಳೆಂಬ ಸುದ್ದಿ ಬಂತು. ನನಗೆ ಸಂಕಟವಾಯಿತು, ಆಮೇಲೆ ಅವಳ ಮೇಲೆ ಗೌರವ ಇನ್ನೂ ಹೆಚ್ಚಾಯಿತು. ತನಗೆ ಬೇಕಾದದ್ದು ಏನೆಂದು ತಿಳಿದಿರುವವರ ನಿಲುವು ಅದು.

ಗೇಮು 21ರಿಂದ 11ಕ್ಕೆ ಇಳಿದದ್ದು 2001ರಲ್ಲಿ. ಹಳಬರಾದ ನಾವು ಆಗ ಗೊಣಗಿದೆವು. 21ರಲ್ಲಿ ಮೊದಲ ಐದು ಪಾಯಿಂಟು ಕೈ ಪಳಗಿಸಿಕೊಳ್ಳಲು ಹೋದರೂ ಪರವಾಗಿರಲಿಲ್ಲ. 11ರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ 1–5. ಟೇಬಲ್ಲಿಗೆ ಬರುವ ಮೊದಲೇ ಮನಸ್ಸು ಅಲ್ಲಿಗೆ ಬಂದಿರಬೇಕಾಗುತ್ತದೆ. ಆದ್ದರಿಂದ ಪಂದ್ಯದ ದಿನ ನಾನು ಅರ್ಧ ಗಂಟೆ ಮುಂಚೆ ಹೋಗಿ ಗೋಡೆ, ದೀಪ, ನೆಲ ನೋಡಿಕೊಳ್ಳುತ್ತೇನೆ. ದೀಪ ಕಣ್ಣಿಗೆ ಹೊಡೆಯುವ ಕಡೆ ಯಾವುದು, ನೆಲ ಎಲ್ಲಿ ಜಾರುತ್ತದೆ, ಚೆಂಡು ಉರುಳಿದರೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಸಂಜೆಯ ಅಭ್ಯಾಸದಲ್ಲಿ ನಾವು ಕೆಲವರು ಗೇಮನ್ನು 0–0ರಿಂದ ಶುರುಮಾಡುವುದೇ ಇಲ್ಲ. 8–10ರಿಂದ ಶುರು, ಸೋತವನು ಎಲ್ಲರಿಗೂ ಚಹಾ ಮತ್ತು ಬನ್ಸ್ ಕೊಡಿಸಬೇಕು. ಬನ್ಸಿನ ದುಡ್ಡು ದೊಡ್ಡದಲ್ಲ, ಆದರೂ ಅಂಗೈ ಬೆವರುತ್ತದೆ. ಬೆವರುವ ಅಂಗೈಯಲ್ಲಿ ಆಡಲು ಕಲಿಯುವುದು ಬೆವರುವ ಅಂಗೈಯಿಂದ ಮಾತ್ರ.

ಉಸಿರಿನ ವಿಷಯವೂ ಇದೆ. ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಟ್ಟರೆ ಎದೆಬಡಿತ ಇಳಿಯುತ್ತದೆ. ವೇಗಸ್ ಎಂಬ ನರದ ಕೆಲಸ ಅದು. ಎರಡು ಹೆಜ್ಜೆ ನಡೆಯುವಷ್ಟು ಹೊತ್ತು ಎಳೆದುಕೊಳ್ಳಿ, ನಾಲ್ಕು ಹೆಜ್ಜೆಗೆ ಬಿಡಿ. ಚೆಂಡಿನ ಕಡೆಗೆ ನಡೆಯುವಾಗ ಇದನ್ನು ಮಾಡಬಹುದು, ಓಡುವಾಗ ಮಾಡಲಾಗುವುದಿಲ್ಲ. ಮಾಷ್ಟ್ರ ಪ್ರಶ್ನೆಯ ಉತ್ತರ ಇಲ್ಲಿತ್ತು.

ಗ್ಯಾಲರಿಯಲ್ಲಿ ಕೂರುವ ತಂದೆತಾಯಿಗಳಿಗೆ ಒಂದು ಮಾತು ಹೇಳದೆ ಇರಲಾರೆ. ಹೋದ ವರ್ಷ ನನ್ನ ತಂಗಿಯ ಮಗಳ ಪಂದ್ಯ ನೋಡಲು ಹೋಗಿದ್ದೆ. ಹನ್ನೆರಡು ವರ್ಷದ ಹುಡುಗಿಯರು. ಪಕ್ಕದ ಟೇಬಲ್ಲಿನ ಮಗು ಪ್ರತಿ ಪಾಯಿಂಟು ಹೋದಾಗಲೂ ಚೆಂಡನ್ನು ನೋಡುವ ಮೊದಲು ಗ್ಯಾಲರಿಯನ್ನು ನೋಡುತ್ತಿತ್ತು. ಅಲ್ಲಿ ಅದರ ಅಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದರು. ಆ ಮಗು ಎದುರಾಳಿಯೊಂದಿಗೆ ಆಡುತ್ತಿರಲಿಲ್ಲ, ಅಪ್ಪನ ಹಣೆಯೊಂದಿಗೆ ಆಡುತ್ತಿತ್ತು. ನನಗೆ ಎದ್ದು ಹೋಗಿ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ದಯವಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಮಗು ತಿರುಗಿ ನೋಡಿದಾಗ ಮನೆಯಲ್ಲಿ ಊಟಕ್ಕೆ ಕರೆಯುವ ಮುಖವೇ ಅಲ್ಲಿ ಕಾಣಲಿ.

ಎಂಟು ವರ್ಷದ ಹಿಂದೆ ವೆಟರನ್ಸ್ ಪಂದ್ಯವೊಂದರಲ್ಲಿ ತಲೆ ನರೆತ ಒಬ್ಬರು ಹತ್ತಿರ ಬಂದು, "ನೀವು ಅವತ್ತು 20–16ರಲ್ಲಿ ಇದ್ದವರಲ್ವಾ?" ಎಂದರು. ನನಗೆ ಗುರುತು ಹತ್ತಲು ಎರಡು ಕ್ಷಣ ಬೇಕಾಯಿತು. ಅವರಿಗೂ ಆ ಪಂದ್ಯದ ಒಂದೊಂದು ಪಾಯಿಂಟು ನೆನಪಿತ್ತು. "ನಂಗೆ ಆಗ ಕಾಲು ನಡುಗ್ತಾ ಇತ್ತು ಮಾರಾಯ್ರೇ. ಸೋತೆ ಅಂತ್ಲೇ ಲೆಕ್ಕ ಹಾಕಿದ್ದೆ. ನೀವು ಚೆಂಡು ತರ್ಲಿಕ್ಕೆ ಓಡಿದ್ರಿ ನೋಡಿ, ಆಗ ನಂಗೆ ಧೈರ್ಯ ಬಂತು. ಇವ್ರಿಗೂ ಹೆದರಿಕೆ ಉಂಟು ಅಂತ." ಟೇಬಲ್ಲಿನ ಆಚೆ ಬದಿಯಲ್ಲಿಯೂ ಅಷ್ಟೇ ನಡುಕ ಇತ್ತೆಂಬುದು ಆ ವಯಸ್ಸಿನಲ್ಲಿ ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಅಂದು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಈಗ ಭಾನುವಾರದ ಬೆಳಿಗ್ಗೆ ನಾವಿಬ್ಬರೂ ಒಂದೇ ಕ್ಲಬ್ಬಿನಲ್ಲಿ ಆಡುತ್ತೇವೆ. ಮೊನ್ನೆ ಐದನೇ ಗೇಮು, 10–10. ಅವರು ಹೊಡೆದ ಚೆಂಡು ಅಂಚಿಗೆ ತಾಗಿ ಹಾರಿ, ಟಕಟಕ ಎಂದು ದೂರ ಹೋಗಿ, ಕುರ್ಚಿಗಳ ರಾಶಿಯ ಅಡಿಗೆ ಸೇರಿತು. 10–11. ಸರ್ವಿಸು ನನ್ನದು. ನಾನು ನಡೆದೆ. ಎರಡು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ. ಕುರ್ಚಿ ಸರಿಸಿ, ಮೊಣಕಾಲೂರಿ, ಚೆಂಡು ಹೆಕ್ಕಿ, ಅಂಗಿಯ ತುದಿಯಲ್ಲಿ ಧೂಳು ಒರೆಸಿದೆ. ತಿರುಗಿ ನೋಡಿದರೆ ಆಚೆ ಬದಿಯಲ್ಲಿ ಅವರೂ ಟವೆಲಿನೊಳಗೆ ಮುಖವಿಟ್ಟು ನಿಂತಿದ್ದರು. ಅವರು ಮುಖ ಎತ್ತುವವರೆಗೆ ಕಾದು, ಅಂಗೈ ಬಿಚ್ಚಿ ಚೆಂಡು ಇಟ್ಟುಕೊಂಡೆ.